ತೆಲೀದು ಅಂದ ರೇಷ್ಮೆ ಮೇಷ್ಟ್ರು

ಅವರ ಬಲಗೈಯ ಕೊನೆಯ ಎರಡು ಬೆರಳು ಮಡಚುತ್ತಿರಲಿಲ್ಲ. ಕಾಫಿ ಲೋಟ ಹಿಡಿದರೆ ಆ ಎರಡು ಮಾತ್ರ ಕಡ್ಡಿಯ ಹಾಗೆ ಹೊರಗೆ ಚಾಚಿಕೊಂಡಿರುತ್ತಿದ್ದವು. ಅಂಗಿಯ ಗುಂಡಿ ಹಾಕಿಕೊಳ್ಳಲು ಎಡಗೈಯನ್ನೇ ನಂಬಬೇಕಿತ್ತು. ಹುಟ್ಟಿನಿಂದ ಬಂದ ಊನವಲ್ಲ ಅದು. ಬಿದಿರಿನ ಗಳದಿಂದ ಹೊಡೆದು ಆ ಬೆರಳು ಮುರಿದವರು ನಮ್ಮಪ್ಪ. ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತು ನೋಡಿದ್ದೇನೆ. ಮೂಳೆಯ ಸದ್ದೂ ಕೇಳಿದ್ದೇನೆ.

ಸುಗಟೂರಿನ ಸುತ್ತಲ ಏಳೆಂಟು ಹಳ್ಳಿಗಳಿಗೆ ಅವರು ರೇಷ್ಮೆ ಮೇಷ್ಟ್ರು. ಪಾಠ ಹೇಳುವ ಮೇಷ್ಟ್ರಲ್ಲ. ಮನೆಮನೆಗೆ ಬಂದು ಹುಳು ನೋಡಿ, ರೋಗ ಗುರುತಿಸಿ, ಹೀಗೆ ಮಾಡಿ ಹಾಗೆ ಮಾಡಬೇಡಿ ಎಂದು ಹೇಳಿಹೋಗುವುದು ಅವರ ಸರ್ಕಾರಿ ಕೆಲಸ. ಮುಳಬಾಗಿಲ ಕಡೆಯವರು, ಮನೆಮಾತು ತೆಲುಗು. ಅಂಗಿ ಜೇಬಿನಲ್ಲಿ ದಾರ ಕಟ್ಟಿದ ಒಂದು ಭೂತಗನ್ನಡಿ, ಕಂಕುಳಲ್ಲಿ ಉದ್ದನೆಯ ಒಂದು ನೋಟ್‌ಬುಕ್ಕು. ಬಾಗಿಲಲ್ಲಿ ಸುಣ್ಣದ ನೀರಲ್ಲಿ ಕಾಲು ತೊಳೆಯದೆ ಹುಳು ಮನೆಗೆ ಕಾಲಿಟ್ಟವರಲ್ಲ. ಒಳಗೆ ಬಂದರೆ ಮೊದಲು ಮಾತಿಲ್ಲ. ತಟ್ಟೆಯ ಹತ್ತಿರ ಕಿವಿ ಇಟ್ಟು ಹುಳು ಸೊಪ್ಪು ತಿನ್ನುವ ಸದ್ದು ಕೇಳುವರು. ಆಮೇಲೆ ಒಂದಿಷ್ಟು ಹಿಕ್ಕೆಯನ್ನು ಅಂಗೈಗೆ ಹಾಕಿಕೊಂಡು ಮೂಸುವರು. ಅಮ್ಮ ಮೂಗು ಮುಚ್ಚಿಕೊಂಡು ನಗುತ್ತಿದ್ದಳು.

ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ "ತೆಲೀದಮ್ಮಾ, ಬರೆದು ಕೇಳ್ತೀನಿ" ಎಂದು ನೋಟ್‌ಬುಕ್ಕು ತೆರೆಯುವರು. ಗೊತ್ತಿಲ್ಲ ಎನ್ನಲು ಅವರಿಗೆ ನಾಚಿಕೆಯೇ ಇರಲಿಲ್ಲ. ನಮ್ಮೂರಲ್ಲಿ ಪ್ಯಾಂಟು ಹಾಕಿದ ಮನುಷ್ಯ ಗೊತ್ತಿಲ್ಲ ಅಂದದ್ದನ್ನು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ. ಪಡಸಾಲೆ ಮೇಲಿನ ಗಂಡಸರು, "ನಾಳೆ ಯಮ ಬಂದು ಹೆಸರು ಕೇಳಿದ್ರೂ ಈ ಮೇಷ್ಟ್ರು ತೆಲೀದು ಅಂತಾರೆ ಕಣೋ" ಎಂದು ಆಡಿಕೊಳ್ಳುತ್ತಿದ್ದರು. ಅವರಿಗೂ ಅದು ಕೇಳಿಸುತ್ತಿತ್ತು. ಒಳಗೊಳಗೇ ನಕ್ಕು ಸೈಕಲ್ ಹತ್ತುವರು.

ಎಂಬತ್ತಾರನೇ ಇಸವಿಯ ಬೇಸಿಗೆ. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಕೋಲಾರದಿಂದ ಬೆಳಗಿನ ಬಸ್ಸಿಗೆ ಬರುವ ಪೇಪರನ್ನು ಊರಿನವರಿಗೆ ಓದಿ ಹೇಳುವ ಕೆಲಸ ನನಗೆ ಬಿದ್ದಿತ್ತು. ಹಾಗಾಗಿ ಆ ಸುದ್ದಿಯನ್ನು ಊರೊಳಗೆ ತಂದವಳು ನಾನೇ. ರಷ್ಯಾದ ಚೆರ್ನೋಬಿಲ್ ಎಂಬಲ್ಲಿ ಅಣು ವಿದ್ಯುತ್ ಸ್ಥಾವರ ಒಡೆದಿದೆ, ಕಣ್ಣಿಗೆ ಕಾಣದ ವಿಷ ಗಾಳಿಯಲ್ಲಿ ದೇಶದಿಂದ ದೇಶಕ್ಕೆ ಹೋಗುತ್ತಿದೆ, ಮಳೆ ಬಿದ್ದಲ್ಲಿ ಅದು ಕೆಳಗಿಳಿಯುತ್ತದೆ, ಅಲ್ಲಿಯ ಜನ ಹಾಲು ಚೆಲ್ಲುತ್ತಿದ್ದಾರೆ, ಸೊಪ್ಪು ತಿನ್ನುತ್ತಿಲ್ಲ. ನಮ್ಮೂರಿನ ಬದುಕೇ ಹಾಲು, ಸೊಪ್ಪು ಮತ್ತು ಮಳೆ. ನಾನು ಓದುತ್ತಾ ಹೋದ ಹಾಗೆ ಎದುರು ಕೂತವರ ಮುಖ ಬಿಗಿಯುತ್ತಾ ಹೋಯಿತು.

ಆಮೇಲೆ ಪ್ರಶ್ನೆಗಳು ಶುರುವಾದವು. ನಮ್ಮ ಮೇಲೂ ಆ ಗಾಳಿ ಬಂದಿದೆಯೇ? ಮೋಡಕ್ಕೆ ದೇಶ ಗೊತ್ತೇ? ಹಸುವಿಗೆ ಹಸಿ ಹುಲ್ಲು ಹಾಕಬಹುದೇ? ಅಣ್ಣನ ಹೆಂಡತಿ, ನಮ್ಮತ್ತಿಗೆ, ಆಗ ಬಸುರಿ. ಒಂದು ದಿನ ಮೇಷ್ಟ್ರು ಕಾಲು ತೊಳೆಯುತ್ತಿದ್ದಾಗ ಅವಳೇ ಎದುರಿಗೆ ಬಂದು ಕೇಳಿದಳು.

"ಮೇಷ್ಟ್ರೇ, ನನ್ನ ಮಗೂಗೆ ಏನಾದ್ರೂ ಆಗುತ್ತಾ?"

ಅಕ್ಕಪಕ್ಕದವರೆಲ್ಲ "ಏನೂ ಆಗಲ್ಲ ಬಿಡೇ" ಎಂದು ಅವಳ ಬಾಯಿ ಮುಚ್ಚಿಸಿದ್ದರು. ಮೇಷ್ಟ್ರು ಚೊಂಬು ಕೆಳಗಿಟ್ಟರು.

"ಏನೂ ಆಗಲ್ಲ ಅನ್ನೋಕೆ ನಂಗೆ ಆಸೆ ಕಣಮ್ಮಾ. ಇಷ್ಟು ದೂರಕ್ಕೆ ಬರೋದು ಕಷ್ಟ ಅನ್ಸುತ್ತೆ. ಆದ್ರೆ ಯಾರೂ ಪರೀಕ್ಷೆ ಮಾಡಿಲ್ಲ. ತೆಲೀದು. ಬರೆದು ಕೇಳ್ತೀನಿ."

ಅತ್ತಿಗೆ ಒಳಗೆ ಬಂದು ಅತ್ತಳು. ಆದರೆ ಅಂದು ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಳು. ಒಬ್ಬರಾದರೂ ತನ್ನ ಭಯವನ್ನು ಭಯ ಅಂತ ಒಪ್ಪಿಕೊಂಡರಲ್ಲ ಎಂದು ನನ್ನೊಡನೆ ಹೇಳಿದಳು.

ಮೇಷ್ಟ್ರು ನಿಜವಾಗಿಯೂ ಬರೆದರು. ಮೊದಲ ಹನಿ ಬಿದ್ದ ದಿನ ನಮ್ಮ ಅಂಗಳದಲ್ಲೇ ಪಾತ್ರೆ ಇಟ್ಟು ಮಳೆನೀರು ಹಿಡಿದು, ಬಿಸಿನೀರಲ್ಲಿ ತೊಳೆದ ಔಷಧಿ ಬಾಟಲಿಗೆ ತುಂಬಿ, ಊರಿನ ಹೆಸರಿನ ಚೀಟಿ ಅಂಟಿಸಿ, ಅರ್ಜಿಯ ಜೊತೆ ಕೋಲಾರದ ತಮ್ಮ ಆಫೀಸಿಗೆ ಒಯ್ದು ಕೊಟ್ಟರು. ಅರ್ಜಿಯ ನಕಲನ್ನು ಚೆನ್ನಾದ ಅಕ್ಷರದಲ್ಲಿ ಬರೆದುಕೊಟ್ಟವಳು ನಾನು. ಉತ್ತರ ಬರಲಿಲ್ಲ. ಎರಡನೇ ಸಲ ಬರೆದರು, ಮೂರನೇ ಸಲ ಬರೆದರು. ಕೊನೆಗೆ ಜೀಪಿನಲ್ಲಿ ಮೇಲಿನ ಸಾಹೇಬರೊಬ್ಬರು ಬಂದು, ಅರಳಿಕಟ್ಟೆ ಮುಂದೆ ಜನ ಸೇರಿಸಿ, "ನಮ್ಮ ದೇಶಕ್ಕೆ ಏನೂ ಬಂದಿಲ್ಲ, ಕೆಲಸ ನೋಡ್ಕೊಳ್ಳಿ" ಎಂದರು. ಮೇಷ್ಟ್ರ ಕಡೆ ತಿರುಗಿ, "ನೀವೂ ಹೇಳ್ರಿ ಇವರಿಗೆ" ಎಂದರು.

"ನಮ್ಮ ನೀರು ಪರೀಕ್ಷೆ ಆಯ್ತಾ ಸಾರ್?"

"ಅದೆಲ್ಲ ನಿಮಗ್ಯಾಕ್ರೀ? ಹೇಳಿ ಅಂದ್ರೆ ಹೇಳಿ."

"ಪರೀಕ್ಷೆ ಆಗದೆ ನಾನು ಹೆಂಗೆ ಹೇಳ್ಲಿ ಸಾರ್? ತೆಲೀದು."

ಸಾಹೇಬರು ಎಲ್ಲರೆದುರೇ ಅವರನ್ನು ಬಾಯಿಗೆ ಬಂದ ಹಾಗೆ ಬೈದು ಜೀಪು ಹತ್ತಿದರು. ಅದು ಮೇಷ್ಟ್ರ ದೊಡ್ಡತನವೆಂದು ನನಗೆ ಅನ್ನಿಸಿತು. ಊರಿಗೆ ಹಾಗನ್ನಿಸಲಿಲ್ಲ. ಏನೋ ಇದೆ, ಸರ್ಕಾರ ಮುಚ್ಚಿಡುತ್ತಿದೆ, ಇವನಿಗೆ ಗೊತ್ತು, ಇವನೂ ಹೇಳುತ್ತಿಲ್ಲ ಎಂದು ಗುಸುಗುಸು ಎದ್ದಿತು. ಬಹುವಚನ ಏಕವಚನವಾದದ್ದು ಆ ದಿನವೇ.

ನಮ್ಮೂರಿನವರ ಕೈ ಯಾವಾಗಲೂ ಸ್ವಲ್ಪ ಮುಂದು. ಬಾವಿ ನೀರಿನ ಸರದಿಗೆ ಜಗಳವಾಗಿ ಒಬ್ಬನ ಭುಜಕ್ಕೆ ಮಚ್ಚು ಬಿದ್ದು, ಅವನು ಅದೇ ಬಾವಿಯ ಕಟ್ಟೆ ಮೇಲೆ ಸತ್ತದ್ದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೆ. ಆ ಬೇಸಿಗೆಯಲ್ಲಿ ಭಯವೂ ಸೇರಿತು. ಒಂದು ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ, ವಿಷದ ಮಳೆ ಬಿದ್ದ ಕಡೆಯ ಹಾಲು ಬೆರೆಸಿ ತರುತ್ತಾನೆ ಎಂದು ಪಕ್ಕದೂರಿನ ಹಾಲಿನವನ ಕ್ಯಾನುಗಳನ್ನು ರಸ್ತೆಗೆ ಉರುಳಿಸಿದರು. ತಡೆಯಲು ಹೋದ ಅವನ ತಲೆಗೆ ಅವನದೇ ಕ್ಯಾನಿನ ಮುಚ್ಚಳದಿಂದ ಹೊಡೆದರು. ಹಾಲಿನ ಮೇಲೆ ರಕ್ತ ಬಿತ್ತು. ನಾಯಿಗಳು ಬಂದು ಅದನ್ನೇ ನೆಕ್ಕಿದವು. ಹೊಡೆದವರಲ್ಲಿ ಅಪ್ಪನೂ ಇದ್ದರು. ಮನೆಗೆ ಬಂದು ಕೈ ತೊಳೆದು ರಾಗಿಮುದ್ದೆ ಉಂಡರು.

ಆಮೇಲೆ ದೊಡ್ಡ ಮಳೆ ಬಂತು. ಇಡೀ ಮಧ್ಯಾಹ್ನ ಹೊಯ್ದು ಸಂಜೆಗೆ ನಿಂತಿತು. ಊರಿನ ಹನ್ನೆರಡು ಮನೆಗಳಲ್ಲಿ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಕೊನೆಯ ನಿದ್ದೆ, ಬಿಟ್ಟು ಎದ್ದು, ಎಷ್ಟು ಸೊಪ್ಪು ಹಾಕಿದರೂ ಸಾಲದು ಎನ್ನುವ ಹಸಿವಿನಲ್ಲಿದ್ದವು. ಇನ್ನೊಂದು ವಾರಕ್ಕೆ ಹಣ್ಣಾಗಿ ಗೂಡು ಕಟ್ಟಬೇಕು. ಮಾರನೇ ದಿನ ಬಿಸಿಲು ಬಂತು. ಮಳೆ ನಿಂತರೆ ಕಾಯಿಕೊರಕ ಏಳುತ್ತದೆಂದು ಅಪ್ಪ ಕೆರೆ ಕೆಳಗಿನ ನಮ್ಮ ಟೊಮ್ಯಾಟೊ ಹೊಲಕ್ಕೆ ಔಷಧಿ ಹೊಡೆದರು. ಡ್ರಮ್ಮಿಗೆ ನೀರು ಹೊತ್ತವಳು ನಾನು. ಜೋರು ಗಾಳಿ ಬೀಸುತ್ತಿತ್ತು, ನನ್ನ ಸೆರಗು ತಲೆ ಮೇಲೆ ನಿಲ್ಲುತ್ತಿರಲಿಲ್ಲ. ಬದುವಿನ ಆಚೆಗೇ ಊರಿನ ಎಲ್ಲರ ಹಿಪ್ಪುನೇರಳೆ ತೋಟ. ಹೆಂಗಸರು ಅದೇ ಸಂಜೆ ಅಲ್ಲಿ ಸೊಪ್ಪು ಕೊಯ್ದು, ಹಿಂದಿನ ದಿನದ ಮಳೆಯ ಭಯಕ್ಕೆ ಎಲೆಯನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಹುಳುವಿಗೆ ಹಾಕಿದರು.

ಬೆಳಗಾಗುವಷ್ಟರಲ್ಲಿ ಹುಳು ತಲೆಯೆತ್ತಿ ಅತ್ತಿತ್ತ ಒದ್ದಾಡುತ್ತಾ ಹಸಿರು ನೀರು ಕಾರುತ್ತಿದ್ದವು. ಬೆರಳುದ್ದದ ಹುಳು ಕುಗ್ಗಿ ಅರ್ಧವಾಗಿ ಸಾಯುತ್ತಿದ್ದವು. ಹನ್ನೆರಡು ಮನೆಯಲ್ಲೂ ಅದೇ, ನಮ್ಮ ಮನೆಯಲ್ಲೂ ಅದೇ. ಬೇರೆ ಯಾವ ವರ್ಷವಾಗಿದ್ದರೂ ನಮ್ಮೂರಿನ ಯಾವ ಮುದುಕಿಯಾದರೂ ಒಂದು ಸಲ ಕಣ್ಣು ಹಾಯಿಸಿ ಇದು ಏನೆಂದು ಹೇಳುತ್ತಿದ್ದಳು. ಆ ವರ್ಷ ಎಲ್ಲರ ಕಣ್ಣೂ ಆಕಾಶದ ಮೇಲಿತ್ತು. ರಷ್ಯಾದ ಮಳೆ ಬಂತು ಎಂದು ಹೆಂಗಸರು ಎದೆ ಬಡಿದುಕೊಂಡು ಬೀದಿಗೆ ಬಂದರು. ಗಂಡಸರು ಸತ್ತ ಹುಳುವನ್ನು ತಟ್ಟೆ ಸಮೇತ ಅರಳಿಕಟ್ಟೆ ಮುಂದೆ ಸುರಿದು ಸೀಮೆಎಣ್ಣೆ ಹಾಕಿದರು. ಆ ವಾಸನೆ ಈಗಲೂ ಒಮ್ಮೊಮ್ಮೆ ನನ್ನ ಮೂಗಿಗೆ ಬರುತ್ತದೆ.

ಅದೇ ಹೊತ್ತಿಗೆ ಮೇಷ್ಟ್ರ ಸೈಕಲ್ ಬಂತು. ಯಾರೋ ಬರಬೇಡಿ ಎಂದು ಸುಗಟೂರಿನಲ್ಲೇ ಹೇಳಿದ್ದರಂತೆ, ಆದರೂ ಬಂದರು. ನಮ್ಮ ಹುಳು ಮನೆಗೆ ನುಗ್ಗಿ, ಅಂದು ಮೊದಲ ಸಲ ಕಾಲು ತೊಳೆಯದೆ ನುಗ್ಗಿ, ಒಂದು ಹುಳುವನ್ನು ಭೂತಗನ್ನಡಿಯಲ್ಲಿ ನೋಡಿದರು. ಎಲೆ ಮೂಸಿದರು. ಮತ್ತೆ ಮೂಸಿದರು. ಯಾರೊಂದಿಗೂ ಮಾತಾಡದೆ ಕೆರೆ ಕೆಳಗೆ ನಡೆದುಹೋಗಿ, ಹಿಪ್ಪುನೇರಳೆ ತೋಟಕ್ಕೂ ನಮ್ಮ ಟೊಮ್ಯಾಟೊಗೂ ನಡುವಿನ ಬದುವಿನ ಮೇಲೆ ನಿಂತರು. ಹಿಂದಿರುಗಿ ಬರುವಾಗ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಬೂದಿಯಾಗುತ್ತಿದ್ದ ತಟ್ಟೆಗಳ ಪಕ್ಕದಲ್ಲಿ ಊರು ಅವರನ್ನು ಸುತ್ತುವರಿಯಿತು.

"ಹೇಳಯ್ಯಾ. ಹುಳು ಯಾಕೆ ಸತ್ವು?"

ಮೇಷ್ಟ್ರು ಒಂದು ಸುತ್ತು ಎಲ್ಲರ ಮುಖ ನೋಡಿದರು. ಕೆಲವರ ಕೈಯಲ್ಲಿ ಮಚ್ಚಿತ್ತು, ಕೆಲವರ ಕೈಯಲ್ಲಿ ತಟ್ಟೆ ಜೋಡಿಸುವ ಸ್ಟ್ಯಾಂಡಿನಿಂದ ಕಿತ್ತ ಗಳ. ಅಪ್ಪ ಎಲ್ಲರಿಗಿಂತ ಮುಂದಿದ್ದರು.

"ತೆಲೀದು," ಎಂದರು ಮೇಷ್ಟ್ರು.

"ಗೊತ್ತಿದ್ದೂ ಹೇಳಲ್ವಾ? ರಷ್ಯಾ ಮಳೇನೇ ಅಲ್ವೇನಲಾ?"

"ಅದೂ ತೆಲೀದು."

ಮೊದಲ ಏಟು ಅಪ್ಪನದು. ಕೆನ್ನೆಗೆ ಬಿತ್ತು. ಆಮೇಲೆ ಯಾರು ಯಾರು ಹೊಡೆದರೆಂದು ಹೇಳುವುದು ಕಷ್ಟ. ಕೆಡವಿ ಒದ್ದರು. ಸೈಕಲ್ಲನ್ನು ಎತ್ತಿ ಬೆಂಕಿಗೆ ಎಸೆದರು, ಟೈರು ಢಮ್ಮೆಂದು ಒಡೆಯಿತು. ಅವರು ನೋಟ್‌ಬುಕ್ಕನ್ನು ತಲೆಗೆ ಅಡ್ಡ ಹಿಡಿದಿದ್ದರು. ಅಪ್ಪ ಗಳವನ್ನು ಎರಡೂ ಕೈಯಲ್ಲಿ ಎತ್ತಿ ಆ ಕೈ ಮೇಲೆ ಇಳಿಸಿದರು. ಒಬ್ಬ ಮಚ್ಚು ಹಿಡಿದು ಹತ್ತಿರ ಬಂದದ್ದನ್ನೂ ಕಂಡೆ. ನನ್ನ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ಆ ನಾಚಿಕೆ ನನಗೆ ಇಂದಿಗೂ ಹೋಗಿಲ್ಲ.

ಹೋದವಳು ಅತ್ತಿಗೆ. ಎಂಟು ತಿಂಗಳ ಹೊಟ್ಟೆ ಹೊತ್ತು ಜನರನ್ನು ತಳ್ಳಿಕೊಂಡು ಹೋಗಿ, ಮೇಷ್ಟ್ರಿಗೆ ಅಡ್ಡಲಾಗಿ ನೆಲದ ಮೇಲೆ ಕೂತುಬಿಟ್ಟಳು.

"ಊರಲ್ಲಿ ನಂಗೆ ಸುಳ್ಳು ಹೇಳದೆ ಇದ್ದೋರು ಇವರೊಬ್ರೇ. ಹೊಡೀರಿ ಮಾವಾ, ಈಗ ಹೊಡೀರಿ."

ಅಪ್ಪನ ಕೈಯಲ್ಲಿದ್ದ ಗಳ ನಿಂತಿತು. ಜನ ಒಬ್ಬೊಬ್ಬರೇ ಹಿಂದೆ ಸರಿದರು.

ಕೋಲಾರದ ಆಸ್ಪತ್ರೆಗೆ ಪೊಲೀಸರು ಬಂದು ಹೊಡೆದವರು ಯಾರೆಂದು ಕೇಳಿದರೆ, ಊದಿದ ಬಾಯಲ್ಲಿ ಅದಕ್ಕೂ ತೆಲೀದು ಎಂದರಂತೆ. ಕೇಸು ಬಿದ್ದುಹೋಯಿತು. ಅವರನ್ನು ಮುಳಬಾಗಿಲಿಗೆ ವರ್ಗ ಮಾಡಿದರು. ಅತ್ತಿಗೆಗೆ ಗಂಡುಮಗು ಹುಟ್ಟಿತು, ಗಟ್ಟಿಮುಟ್ಟಾಗಿಯೇ ಹುಟ್ಟಿತು. ಅವಳು ಮಾತ್ರ ಬಾಣಂತಿ ಕೋಣೆಯಲ್ಲಿ ಅದರ ಕೈಕಾಲು ಬೆರಳುಗಳನ್ನು ದಿನಾ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಮೂರು ವರ್ಷದ ಮೇಲೆ ಅವರಿಗೆ ತುಂಬಾ ಕಾಯಿಲೆ ಎಂದು ತಿಳಿದು ಮುಳಬಾಗಿಲಿಗೆ ಹೋದೆ. ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಕಾಫಿ ಲೋಟದ ಪಕ್ಕದಲ್ಲಿ ಆ ಎರಡು ಬೆರಳು ನೆಟ್ಟಗೆ ನಿಂತಿದ್ದವು. ನನ್ನನ್ನು ಗುರುತು ಹಿಡಿದು, ಅತ್ತಿಗೆಯ ಮಗುವನ್ನು ಕೇಳಿದರು, ಊರಿನ ಹುಳು ಹೇಗಿದೆ ಎಂದು ಕೇಳಿದರು. ನಾನು ಹೊರಡುವಾಗ ಮೆಲ್ಲಗೆ ಹೇಳಿದರು.

"ನಿಮ್ಮಪ್ಪಂಗೆ ಒಂದು ಮಾತು ಹೇಳಮ್ಮಾ. ಟೊಮ್ಯಾಟೊನ ಇನ್ಮೇಲೆ ಕೆರೆ ಕೆಳಗೆ ಇಡೋದು ಬೇಡ. ಗಾಳಿ ಸೊಪ್ಪಿನ ತೋಟದ ಕಡೆಗೇ ಬೀಸುತ್ತೆ."

ಬಾಗಿಲ ಚೌಕಟ್ಟು ಹಿಡಿದು ನಿಂತೆ. ನಾನು ಹೊತ್ತ ನೀರು, ಡ್ರಮ್ಮು, ಹಾರುತ್ತಿದ್ದ ಸೆರಗು, ಬದುವಿನ ಮೇಲೆ ನಿಂತಿದ್ದ ಇವರು, ಎಲ್ಲ ಒಮ್ಮೆಲೇ ಕಣ್ಣಮುಂದೆ ಬಂತು.

"ನಿಮಗೆ ಅವತ್ತೇ ಗೊತ್ತಿತ್ತಾ ಮೇಷ್ಟ್ರೇ? ಯಾಕೆ ಹೇಳ್ಲಿಲ್ಲ?"

"ಮಚ್ಚು ಹಿಡಿದಿದ್ರಲ್ಲಮ್ಮಾ. ನಿಮ್ಮಪ್ಪನ ಹೆಸರು ಹೇಳಿದ್ರೆ ಅವರನ್ನ ಅಲ್ಲೇ ಕಡೀತಿದ್ರು. ನಂಗಾದ್ರೆ ನಾಲ್ಕೇಟು, ಆಯ್ತು."

"ಆ ಮಳೇಲೂ ಏನಾದ್ರೂ ಇತ್ತಾ?"

ಅವರು ನಕ್ಕರು. "ಅದು ಮಾತ್ರ ನಿಜವಾಗ್ಲೂ ತೆಲೀದು. ಆ ಬಾಟ್ಲಿ ಏನಾಯ್ತು ಅಂತಾನೂ ಯಾರೂ ಹೇಳ್ಲಿಲ್ಲ."

ಅದಾಗಿ ಹದಿನೈದು ದಿನಕ್ಕೆ ಅವರು ತೀರಿಕೊಂಡರು. ಸುದ್ದಿ ಬಂದಾಗ ಅಪ್ಪ ಹೊಲದಲ್ಲಿ ಟೊಮ್ಯಾಟೊ ಗಿಡಕ್ಕೆ ಕಡ್ಡಿ ಕಟ್ಟುತ್ತಿದ್ದರು. ನಾನು ಅಲ್ಲಿಗೇ ಹೋಗಿ ಎಲ್ಲವನ್ನೂ ಹೇಳಿದೆ. ಔಷಧಿ, ಗಾಳಿ, ಮೇಷ್ಟ್ರು ಯಾರ ಹೆಸರನ್ನು ಬಾಯಲ್ಲೇ ನುಂಗಿದರು ಎಂಬುದು. ಅಪ್ಪ ಕುಸಿದು ಕೂರುತ್ತಾರೆ ಎಂದುಕೊಂಡಿದ್ದೆ. ಅವರು ದಾರದ ಗಂಟು ಬಿಗಿದು, ನನ್ನ ಕಡೆ ತಿರುಗದೆಯೇ ಮಾತಾಡಿದರು.

"ಅವ್ರು ಬದುವಿನ ಮೇಲೆ ನಿಂತಿದ್ದನ್ನ ಅವತ್ತೇ ನೋಡಿದ್ದೆ ಕಣಮ್ಮ. ಬಾಯಿ ಬಿಡ್ತಾರೆ ಅಂತಾನೇ ಮೊದ್ಲು ಹೊಡೆದೆ."

ಅಪ್ಪ ಅದಾದ ಮೇಲೂ ಹದಿನಾರು ವರ್ಷ ಬದುಕಿದರು. ಮೊಮ್ಮಗನನ್ನು ಹೆಗಲ ಮೇಲೆ ಹೊತ್ತು ತಿರುಗಿದರು, ನನ್ನ ಮದುವೆ ಮಾಡಿದರು, ಹಾಸಿಗೆ ಮೇಲೆ ನೆಮ್ಮದಿಯಾಗಿ ಸತ್ತರು. ಆ ಹದಿನಾರು ವರ್ಷವೂ ಮೇಷ್ಟ್ರು ಕೊಟ್ಟದ್ದು. ತವರಿಗೆ ಹೋದಾಗಲೆಲ್ಲ ಅಪ್ಪನ ತಟ್ಟೆಗೆ ಮುದ್ದೆ ಹಾಕುವವಳು ನಾನೇ. ಹಾಕಿದ ಮೇಲೆ ಅವರು ಮುದ್ದೆ ಮುರಿಯುವುದನ್ನು ನಿಂತು ನೋಡುತ್ತಿದ್ದೆ. ಐದೂ ಬೆರಳು ಚೆನ್ನಾಗಿ ಮಡಚುತ್ತಿದ್ದವು.