ಅತ್ತಿಗೆಯ ಶುಗರ್, ನಾದಿನಿಯ ರಕ್ತ

ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವ ಆ ತಗಡಿನ ಶೆಡ್ಡಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವಳು ಬಾಯಕ್ಕ. ಮಶೀನುಗಳೆಲ್ಲ ಒಟ್ಟಿಗೆ ಓಡುವಾಗ ಪಕ್ಕದವಳು ಕೂಗಿದರೂ ಕೇಳಿಸದ ಜಾಗ ಅದು; ಬಾಯಕ್ಕ ಪಿಸುಗುಟ್ಟಿದರೆ ಗೇಟಿನ ವಾಚ್‌ಮನ್ ತಿರುಗಿ ನೋಡುತ್ತಿದ್ದ. ಫ್ಯಾನ್ ಕೆಟ್ಟರೆ ಕೇಳಲು ಅವಳು, ಸಂಬಳ ತಡವಾದರೆ ಜಗಳಕ್ಕೆ ಅವಳು, ಯಾರದೋ ಗಂಡ ಕುಡಿದು ಬಂದು ಗೇಟಿನಲ್ಲಿ ರಂಪ ಮಾಡಿದರೆ ಅವನ ಅಮಲು ಇಳಿಸಲೂ ಅವಳೇ. ತನ್ನ ಗಂಡನ ಮಾತು ಬಂದರೆ ಮಾತ್ರ, "ಅವನೇನೂ ನನ್ನ ಬಿಟ್ಟಿಲ್ಲ ಕಣ್ರೀ, ನಾನೇ ಬಿಟ್ಟು ಬಂದಿದ್ದು. ಹೇಳೋದಾದ್ರೆ ಸರಿಯಾಗಿ ಹೇಳಿ," ಎಂದು ತಿದ್ದುತ್ತಿದ್ದಳು. ಇಷ್ಟೆಲ್ಲ ಗತ್ತಿನ ಹೆಂಗಸಿನ ಕೆಲಸವೇನೆಂದರೆ, ಹೊಲಿದು ಬಂದ ಅಂಗಿಗಳ ದಾರದ ತುದಿ ಕತ್ತರಿಸುವುದು. ಕೈಯಲ್ಲಿ ಕತ್ತರಿ ಹಿಡಿಯಲು ಬರುವ ಯಾರು ಬೇಕಾದರೂ ಮಾಡಬಹುದಾದ ಕೆಲಸ.

ಅವಳ ಅತ್ತಿಗೆಯದು ಹಾಗಲ್ಲ. ಅಂಗಿಗೆ ಗುಂಡಿಯ ತೂತು ಹಾಕುವ ಕಾಜಾ ಮಶೀನು ಶೆಡ್ಡಿನಲ್ಲಿ ಇದ್ದದ್ದೇ ಒಂದು, ಅದನ್ನು ಓಡಿಸಲು ಬರುತ್ತಿದ್ದದ್ದೂ ಅತ್ತಿಗೆ ಒಬ್ಬಳಿಗೇ. ಮುದಿ ಮಶೀನು, ಸಾಲದ್ದಕ್ಕೆ ಸಿಡುಕು. ಬೇರೆಯವರು ಮುಟ್ಟಿದರೆ ಬಟ್ಟೆ ಹರಿಯುತ್ತಿತ್ತು, ದಾರ ಗಂಟಾಗುತ್ತಿತ್ತು. ಅತ್ತಿಗೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಪೆಡಲ್ ಒತ್ತಿದರೆ ಮಾತ್ರ ತೆಪ್ಪಗೆ ಓಡುತ್ತಿತ್ತು. ಅವಳು ಎದ್ದರೆ ಹಿಂದೆ ಅಂಗಿ ರಾಶಿ ಬೀಳುತ್ತದೆ, ಮುಂದೆ ಗುಂಡಿ ಹಚ್ಚುವವರು ಕೈಕಟ್ಟಿ ಕೂರುತ್ತಾರೆ, ಸೂಪರ್‌ವೈಸರನ ರಕ್ತದೊತ್ತಡ ಏರುತ್ತದೆ. ಹಾಗಾಗಿ ಅವಳು ಏಳುವ ಹಾಗಿರಲಿಲ್ಲ.

ಒಟ್ಟಿನಲ್ಲಿ ಆ ಶೆಡ್ಡಿನಲ್ಲಿ ಕಾಯಿಲೆ ಬೀಳಲು ಒಂದು ಅರ್ಹತೆ ಬೇಕಿತ್ತು. ಕೆಲಸ ಬರಬಾರದು. ಬಿಟ್ಟಿ ಔಷಧಿ ಕೊಡುವ ಸರ್ಕಾರಿ ಆಸ್ಪತ್ರೆ ಬೆಳಗ್ಗೆ ತೆರೆದು ಮಧ್ಯಾಹ್ನಕ್ಕೆ ಬಾಗಿಲು ಹಾಕುತ್ತಿತ್ತು, ಶೆಡ್ಡಿನ ಕೆಲಸವೂ ಅದೇ ಹೊತ್ತಿಗೆ. ವಾರಕ್ಕೆ ಒಬ್ಬರನ್ನು ಬಿಡುತ್ತೇನೆ, ಅದೂ ಯಾರಿಲ್ಲದಿದ್ದರೂ ನಡೆಯುತ್ತದೋ ಅವರನ್ನು ಎಂದು ಸೂಪರ್‌ವೈಸರ್ ಕಡ್ಡಿ ಮುರಿದಂತೆ ಹೇಳಿದ್ದ. ಯಾರಿಲ್ಲದಿದ್ದರೂ ನಡೆಯುವವಳು ಬಾಯಕ್ಕ. ಹೀಗೆ ಇಡೀ ಶೆಡ್ಡಿನ ಪರವಾಗಿ ಕಾಯಿಲೆ ಬೀಳುವ ಹೊಣೆ ಅವಳ ತಲೆಗೆ ಬಂತು. ಅವಳಿಗೋ ಗುಂಡುಕಲ್ಲಿನಂಥ ಆರೋಗ್ಯ. ಆದರೂ ಡಾಕ್ಟರ ಮುಂದೆ ಕೂತು ಕಾಲರ್ ಹಚ್ಚುವವಳ ಕೆಮ್ಮು ಕೆಮ್ಮುತ್ತಿದ್ದಳು, ಇಸ್ತ್ರಿಯವನ ಸೊಂಟ ಹಿಡಿದುಕೊಂಡು ನರಳುತ್ತಿದ್ದಳು, ವಾಚ್‌ಮನ್‌ನ ಗ್ಯಾಸು ತೇಗುತ್ತಿದ್ದಳು.

"ಮಂಡಿ ನೋವು, ಕೆಮ್ಮು, ಎದೆ ಉರಿ, ತಲೆ ಸುತ್ತು," ದಪ್ಪ ಕನ್ನಡಕದ ಡಾಕ್ಟರು ತಲೆಯೆತ್ತದೆ ಬರೆಯುತ್ತ ಒಮ್ಮೆ ಅಂದಿದ್ದರು, "ಇಷ್ಟೆಲ್ಲ ಇಟ್ಕೊಂಡು ಹೇಗಮ್ಮ ಬದುಕಿದೀರ?"

"ನಿಮ್ಮ ಪುಣ್ಯ ಸಾರ್," ಅಂದಳು ಬಾಯಕ್ಕ. ಹೊರಗೆ ಸಾಲು ಬೀದಿಯವರೆಗೆ ಇತ್ತು. ಪಾಪ, ಅವರಿಗೆ ತಲೆಯೆತ್ತಲು ಪುರುಸೊತ್ತೆಲ್ಲಿ? ಊಟದ ಹೊತ್ತಿಗೆ ಬಾಯಕ್ಕ ಶೆಡ್ಡಿಗೆ ಬಂದು ಮಾತ್ರೆ ಹಂಚುತ್ತಿದ್ದಳು.

ಶೆಡ್ಡಿನ ಯಜಮಾನರಿಗೆ ಈ ತಾಪತ್ರಯವಿರಲಿಲ್ಲ. ಅವರ ಡಾಕ್ಟರು ಕಾರಿನಲ್ಲಿ ಆಫೀಸಿಗೇ ಬರುತ್ತಿದ್ದರು, ಅತ್ತಿಗೆಯ ಮಶೀನಿನ ಗೋಡೆಯ ಆಚೆ ಬದಿಗೆ. ಯಜಮಾನರು ಸೀನಿದರೆ ರಕ್ತ ಪರೀಕ್ಷೆ, ಆಕಳಿಸಿದರೆ ಸ್ಕ್ಯಾನು. ಅವರ ಮೈಯೊಳಗೆ ಡಾಕ್ಟರು ಇಣುಕದ ಜಾಗ ಉಳಿದಿರಲಿಲ್ಲ. ಇಷ್ಟಾದರೂ ಏನೂ ಸಿಕ್ಕಿಲ್ಲವಲ್ಲ ಎಂಬುದೇ ಅವರ ಕೊರಗು.

ಗೋಡೆಯ ಈಚೆ ಬದಿಗೆ ಅತ್ತಿಗೆಗೆ ಬಾಯಾರಿಕೆ ಶುರುವಾಯಿತು. ಎಷ್ಟು ನೀರು ಕುಡಿದರೂ ಗಂಟಲು ಒಣಗುವುದು ನಿಲ್ಲಲಿಲ್ಲ, ಕುಡಿದ ನೀರು ಒಳಗೆ ನಿಲ್ಲಲಿಲ್ಲ. "ಏನಮ್ಮ, ಕಾಜಾ ಹಾಕೋಕೆ ಬರ್ತೀಯೋ, ಟಾಯ್ಲೆಟ್ ಕಾಯೋಕೆ ಬರ್ತೀಯೋ?" ಎಂದು ಸೂಪರ್‌ವೈಸರ್ ಎಲ್ಲರೆದುರು ಮಾನ ಕಳೆದ. ಅತ್ತಿಗೆ ಮಾರನೆಯ ದಿನದಿಂದ ನೀರು ಕುಡಿಯುವುದನ್ನೇ ಬಿಟ್ಟಳು. ಬಾಯಕ್ಕನ ಅಣ್ಣ ತೀರಿಕೊಂಡ ಮೇಲೆ ಒಂದೇ ಕೋಣೆಯ ಮನೆಯಲ್ಲಿ ಇವರಿಬ್ಬರೇ. ದಿನ ಬೆಳಗಾದರೆ ಬಕೆಟ್ಟಿಗೆ, ಬಾಚಣಿಗೆಗೆ, ಕಿಟಕಿ ತೆರೆಯುವುದಕ್ಕೆ, ಮುಚ್ಚುವುದಕ್ಕೆ ಜಗಳ. ಆದರೆ ಅತ್ತಿಗೆಯ ತುಟಿ ಒಡೆದು ಸಿಪ್ಪೆ ಏಳುವುದನ್ನು ನೋಡಿ ಬಾಯಕ್ಕ ಬಕೆಟ್ಟನ್ನು ಜಗಳವಿಲ್ಲದೆ ಬಿಟ್ಟುಕೊಟ್ಟಳು. ಅವಳ ಅಮ್ಮ ಹೋದದ್ದೂ ಹೀಗೇ, ಶುಗರ್ ಬಂದು.

ಆ ವಾರ ಆಸ್ಪತ್ರೆಗೆ ಹೊರಟಾಗ ಅವಳ ಊಟದ ಚೀಲದಲ್ಲಿ, ತೊಳೆದ ಕೆಮ್ಮಿನ ಔಷಧಿ ಬಾಟಲಿಯೊಳಗೆ, ಅತ್ತಿಗೆಯ ಉಚ್ಚೆ ಇತ್ತು. ಟಾಯ್ಲೆಟ್ಟಿಗೆ ಹೋದ ಹಾಗೆ ಮಾಡಿ ನರ್ಸಮ್ಮ ಕೊಟ್ಟ ಡಬ್ಬಿಗೆ ಸುರಿದು ಕೊಟ್ಟಳು. ಪರೀಕ್ಷೆಯ ಪಟ್ಟಿ ಅದ್ದಿದರು, ಬಣ್ಣ ತಿರುಗಿತು. "ನಿಮಗೆ ಜೋರು ಶುಗರ್ ಇದೆಯಮ್ಮ," ಎಂದರು ಡಾಕ್ಟರು. ಬಾಯಕ್ಕ ಅತ್ತಿಗೆಯ ಪರವಾಗಿ ಗಾಬರಿಯಾದಳು. ಬೆಳಗ್ಗೆ ಎರಡು, ಸಂಜೆ ಎರಡು ಮಾತ್ರೆ. ಅತ್ತಿಗೆ ನುಂಗಿದಳು. ಕೆಲವು ವಾರಗಳಲ್ಲಿ ಬಾಯಾರಿಕೆ ತಗ್ಗಿತು, ಮುಖಕ್ಕೆ ಕಳೆ ಬಂತು, ಬಕೆಟ್ಟಿನ ಜಗಳಕ್ಕೂ ಹುರುಪು ಬಂತು. ಇಷ್ಟಕ್ಕೇ ನಿಂತಿದ್ದರೆ ಬಾಯಕ್ಕನನ್ನು ಯಾರೂ ಏನೂ ಅನ್ನುವ ಹಾಗಿರಲಿಲ್ಲ.

ಆಸ್ಪತ್ರೆಗೆ ಬೆರಳು ಚುಚ್ಚಿ ರಕ್ತ ನೋಡುವ ಪುಟ್ಟ ಮಶೀನು ಬಂದದ್ದು ಆಮೇಲೆ. ನರ್ಸಮ್ಮ ಬಾಯಕ್ಕನ ಕೈ ಹಿಡಿದು ಚುಚ್ಚಿಯೇಬಿಟ್ಟಳು. ಉಚ್ಚೆಯನ್ನಾದರೆ ಬಾಟಲಿಯಲ್ಲಿ ತರಬಹುದು, ರಕ್ತವನ್ನು ಹೇಗೆ ತರುವುದು? ಸಿಕ್ಕಿಬಿದ್ದೆ ಎಂದು ಕಣ್ಣು ಮುಚ್ಚಿದಳು.

"ಭೇಷ್!" ಎಂಬ ಮಾತು ಕೇಳಿ ಕಣ್ಣು ಬಿಟ್ಟಳು. ಡಾಕ್ಟರು ಮೊದಲ ಸಲ ತಲೆಯೆತ್ತಿದ್ದರು. "ನೋಡ್ರೀ ಎಲ್ಲರೂ, ಇವರನ್ನ ನೋಡಿ ಕಲೀರಿ. ಹೇಳಿದ ಹಾಗೆ ಮಾತ್ರೆ ತಗೊಂಡಿದಾರೆ, ಪಥ್ಯ ಮಾಡಿದಾರೆ. ಶುಗರ್ ಹೇಗೆ ಇಳಿದಿದೆ ನೋಡಿ!"

ಶಾಲೆ ಬಿಟ್ಟ ಮೇಲೆ, ಬಿಡುವ ಮೊದಲೂ ಸೇರಿಸಿ, ಬಾಯಕ್ಕನನ್ನು ಯಾರೂ ಹೀಗೆ ಹೊಗಳಿರಲಿಲ್ಲ. ಇದು ನನ್ನ ರಕ್ತ, ಇದರಲ್ಲಿ ಮೊದಲೂ ಶುಗರ್ ಇರಲಿಲ್ಲ ಎಂಬ ವಿಚಾರ ಅವಳ ತಲೆಗೆ ಬಾರದೇ ಇರಲಿಲ್ಲ. ಬಂತು, ಹೊಗಳಿಕೆಯ ಗದ್ದಲದಲ್ಲಿ ಕೂರಲು ಜಾಗ ಸಿಗದೆ ಹೋಯಿತು. ಡಾಕ್ಟರು ಹೊತ್ತಿಗೆ ಎರಡಿದ್ದ ಮಾತ್ರೆಯನ್ನು ಒಂದಕ್ಕೆ ಇಳಿಸಿದರು. ಮುಂದಿನ ಸಲ ಮತ್ತೆ ಚುಚ್ಚಿ, ಮತ್ತೆ ಭೇಷ್ ಎಂದು, ಒಂದನ್ನು ಅರ್ಧ ಮಾಡಿದರು. ಬಾಯಕ್ಕ ಸಾಲಿನಲ್ಲಿ ನಿಂತ ಶುಗರ್ ರೋಗಿಗಳಿಗೆ ಭಾಷಣ ಶುರುಮಾಡಿದಳು. "ಮನಸ್ಸು ಗಟ್ಟಿ ಇರ್ಬೇಕು ಕಣ್ರೀ. ನಾನು ಸಿಹಿ ಕಡೆ ಕಣ್ಣೆತ್ತಿಯೂ ನೋಡಲ್ಲ," ಎಂದು, ಬಾಯಲ್ಲಿದ್ದ ಪೆಪ್ಪರ್‌ಮೆಂಟನ್ನು ಕೆನ್ನೆಗೆ ಒತ್ತರಿಸಿಕೊಂಡೇ ಹೇಳುತ್ತಿದ್ದಳು. ತನಗೆ ನಿಜಕ್ಕೂ ಶುಗರ್ ಬಂದಿತ್ತು, ತಾನು ಅದನ್ನು ಮಣಿಸಿದೆ ಎಂದು ನಂಬುವ ಮಟ್ಟಕ್ಕೆ ಹೋಗಿದ್ದಳು.

"ಮಾತ್ರೆ ಕಡಿಮೆ ಮಾಡಿದಾರೆ ಅತ್ತಿಗೆ. ಅಂದ್ರೆ ಕಾಯಿಲೆ ಕಡಿಮೆಯಾಗಿದೆ ಅಂತ ತಾನೇ?"

ಅತ್ತಿಗೆ ಹೂಂ ಅಂದಳು. ಯಾರ ಕಾಯಿಲೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಒಂದು ದಿನ ಕಾಜಾ ಮಶೀನಿನ ಸೂಜಿ ಮುರಿಯಿತು. ಮಕ್ಕಳು ಹಾಕುವ ಬಟ್ಟೆ. ಸೂಜಿ ಮುರಿದರೆ ಎರಡೂ ತುಂಡನ್ನು ಜೋಡಿಸಿ ತೋರಿಸುವವರೆಗೆ ಆ ಮಶೀನಿನ ಅಂಗಿ ಒಂದೂ ಹೊರಗೆ ಹೋಗಬಾರದು. ಮೇಲಿನ ತುಂಡು ಮಶೀನಿನಲ್ಲೇ ಇತ್ತು, ಮೊನೆ ಮಾತ್ರ ನಾಪತ್ತೆ. ಅಂಗಿಗಳನ್ನು ಒಂದೊಂದಾಗಿ ಕೊಡವಿದರು. ಸೂಪರ್‌ವೈಸರ್ ಅಯಸ್ಕಾಂತ ಹಿಡಿದು ನೆಲದ ಮೇಲೆ ಅಂಬೆಗಾಲಿಟ್ಟ. ಅವನ ಹಿಂಭಾಗ ನೋಡಿ ಹೆಂಗಸರೆಲ್ಲ ಸೆರಗು ಕಚ್ಚಿಕೊಂಡು ನಕ್ಕರು. ಮೊನೆ ಸಿಗಲಿಲ್ಲ. ಆ ಇಡೀ ಬಂಡಲನ್ನು ಮೂಲೆಗೆ ಹಾಕಿ, ಹೊಸ ಸೂಜಿ ಸಿಕ್ಕಿಸಿ, ಅತ್ತಿಗೆ ಕೆಲಸ ಮುಂದುವರಿಸಿದಳು.

ಕೆಲವು ದಿನಗಳ ಮೇಲೆ, ಸಂಜೆ ಮನೆಗೆ ತಡವಾಗಿ ಬಂದಾಗ, ಬಾಯಕ್ಕ ಒರೆಸಿದ ನೆಲದ ಮೇಲೆ ಅತ್ತಿಗೆಯ ಬಲಗಾಲಿನ ಹೆಜ್ಜೆ ಒಂದೊಂದೂ ಕಂದು ಬಣ್ಣದಲ್ಲಿ ಮೂಡುತ್ತಿತ್ತು.

"ಈಗ ತಾನೇ ಒರೆಸಿದೀನಿ, ಕಾಲು ತೊಳ್ಕೊಂಡು ಬರೋಕೇನು ನಿಮಗೆ?" ಎಂದು ರೇಗಿ, ಬಾಯಕ್ಕ ಅತ್ತಿಗೆಯನ್ನು ಕೂರಿಸಿ ಪಾದ ಎತ್ತಿ ನೋಡಿದಳು. ಕಿರುಬೆರಳಿನ ಬುಡ ಊದಿ ಕಪ್ಪಾಗಿತ್ತು. ವಾಸನೆ ಬರುತ್ತಿತ್ತು. ಕೀವಿನ ನಡುವೆ ಏನೋ ಮಿನುಗಿತು. ಚಿಮ್ಮಟಿಗೆಯಲ್ಲಿ ಹಿಡಿದು ಎಳೆದಳು. ಸೂಜಿಯ ಮೊನೆ.

ಅತ್ತಿಗೆ ಕಾಲು ಹಿಂದಕ್ಕೆಳೆಯಲಿಲ್ಲ, ಹುಬ್ಬನ್ನೂ ಗಂಟಿಕ್ಕಲಿಲ್ಲ. "ಏನು ಹುಡುಕ್ತಿದೀಯೇ ಅಲ್ಲಿ?" ಅಂದಳು.

"ನೋವಾಗ್ತಿಲ್ವಾ ಅತ್ತಿಗೆ?"

"ಎಲ್ಲಿ?"

ಶುಗರ್ ಏರಿ ಕಾಲು ಮರಗಟ್ಟಿದೆ ಎಂದು ಬಾಯಕ್ಕನಿಗೆ ಹೊಳೆಯಿತು. ಡಾಕ್ಟರು ಭೇಷ್ ಅಂದದ್ದು ತನ್ನ ರಕ್ತಕ್ಕೆ, ಮಾತ್ರೆ ಕಿತ್ತುಕೊಂಡದ್ದು ಅತ್ತಿಗೆಯಿಂದ. ಪೆಪ್ಪರ್‌ಮೆಂಟು ಚೀಪುತ್ತ ಮಾಡಿದ ಒಂದೊಂದು ಭಾಷಣವೂ ನೆನಪಾಗಿ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನ್ನಿಸಿತು. ನಿಜ ಹೇಳಿದರೆ ಡಾಕ್ಟರು ಅವಳ ಮುಖಕ್ಕೆ ಬಾಗಿಲು ಹಾಕಬಹುದು, ಶೆಡ್ಡಿಗೆ ಬರುವ ಮಾತ್ರೆಗಳೆಲ್ಲ ನಿಲ್ಲಬಹುದು. ಹೇಳದಿದ್ದರೆ ಅತ್ತಿಗೆಯ ಕಾಲು ಹೋಗುತ್ತದೆ. ಅಮ್ಮನ ಕಾಲು ಹೋದದ್ದನ್ನು ಅವಳು ಕಂಡಿದ್ದಳು. ಕಾಲಿನ ಹಿಂದೆ ಅಮ್ಮನೂ ಹೋದಳು.

ಬೆಳಗ್ಗೆ ಅತ್ತಿಗೆಯನ್ನು ಆಟೊದಲ್ಲಿ ಕೂರಿಸಿ, ದಾರಿಯಲ್ಲೇ ಶೆಡ್ಡಿನ ಗೇಟಿನಲ್ಲಿ ಇಳಿದು ಸೂಪರ್‌ವೈಸರನನ್ನು ಕರೆದಳು.

"ಕಾಜಾ ನಿಂತ್ರೆ ಲೈನೇ ನಿಂತ್ಹೋಗುತ್ತೆ! ನೀನು ಹೋಗಿ ಬಾ, ಅವಳು ಬೇಡ," ಎಂದು ಅವನು ಬಾಯಿ ಬಡಿದುಕೊಂಡ.

ಬಾಯಕ್ಕ ಅವನ ಅಂಗೈಯಲ್ಲಿ ಮೊನೆ ಇಟ್ಟಳು. "ಅಂಬೆಗಾಲಿಟ್ಟು ಹುಡುಕಿದ್ರಲ್ಲ, ತಗೊಳ್ಳಿ. ಅತ್ತಿಗೆ ಕಾಲೊಳಗಿತ್ತು."

ಅವನು ಅದನ್ನು ಬೆಳಕಿಗೆ ಹಿಡಿದು ನೋಡಿ ಉಸಿರು ಬಿಟ್ಟ. "ಅಬ್ಬ, ಸಿಕ್ತಲ್ಲ! ಹಾಗಾದ್ರೆ ಆ ಬಂಡಲ್ ಪ್ಯಾಕ್ ಮಾಡಿಸ್ಬಹುದು."

ಬಾಯಕ್ಕ ಅವನಿಗೆ ಏನಂದಳು ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ. ವಾಚ್‌ಮನ್ ಮಾತ್ರ ಇವತ್ತಿಗೂ ಅದನ್ನು ಬಾಯಿಪಾಠ ಒಪ್ಪಿಸುತ್ತಾನೆ.

ಆಸ್ಪತ್ರೆಯ ಸಾಲಿನಲ್ಲಿ ಜನ ಎದ್ದು ದಾರಿ ಬಿಟ್ಟರು. "ಬಂದ್ರು ನೋಡಿ ನಮ್ಮ ಫಸ್ಟ್ ಕ್ಲಾಸ್ ಪೇಷೆಂಟು," ಎಂದರು ಡಾಕ್ಟರು. ಬಾಯಕ್ಕ ಅತ್ತಿಗೆಯನ್ನು ಕುರ್ಚಿಯಲ್ಲಿ ಕೂರಿಸಿ, ತಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಾಗಾದ್ರೆ ನಾನು ಇಷ್ಟು ದಿನ ಔಷಧಿ ಕೊಟ್ಟಿದ್ದು ಯಾರಿಗಮ್ಮ?"

"ಇವರಿಗೆ ಸಾರ್. ರಕ್ತ ಮಾತ್ರ ನಂದು."

"ಮತ್ತೆ ಉಚ್ಚೆ?"

"ಅದು ಇವರದೇ ಸಾರ್."

ನರ್ಸಮ್ಮ ನಗು ತಡೆಯಲಾಗದೆ ಗೋಡೆಗೆ ಮುಖ ಮಾಡಿದಳು. ಅತ್ತಿಗೆಯ ಬೆರಳು ಚುಚ್ಚಿ ಮಶೀನು ನೋಡಿದ ಮೇಲೆ ಆ ನಗು ನಿಂತಿತು. ಡಾಕ್ಟರು ಪಾದ ನೋಡಿದರು, ಬಾಯಕ್ಕನನ್ನು ನೋಡಿದರು. ಕೊನೆಗೆ ಅತ್ತಿಗೆಯ ಕಡೆ ತಿರುಗಿ, "ಮಾತ್ರೆ ಕಡಿಮೆ ಮಾಡಿದ ಮೇಲೆ ಮತ್ತೆ ಬಾಯಾರಿಕೆ ಆಗ್ಲಿಲ್ವಾ? ಕಾಲು ಜೋಮು ಹಿಡೀಲಿಲ್ವಾ?" ಎಂದು ಕೇಳಿದರು.

"ಅವರಿಗೆ ಸಾರ್..." ಎಂದು ಬಾಯಕ್ಕ ಶುರುಮಾಡಿದಳು.

"ನೀವು ಸುಮ್ನಿರಿ. ಅವರು ಹೇಳ್ಲಿ."

ಅತ್ತಿಗೆಗೆ ಡಾಕ್ಟರ ಜೊತೆ ಮಾತಾಡಿ ಅಭ್ಯಾಸವಿರಲಿಲ್ಲ. ಸೆರಗಿನ ತುದಿಯನ್ನು ಮಡಚಿದಳು, ಬಿಚ್ಚಿದಳು. "ಆಗ್ತಿತ್ತು ಸಾರ್. ಆದ್ರೆ ಇವಳು ನಿಮ್ಮ ಹತ್ರ ಹೊಗಳಿಸ್ಕೊಂಡು ಅಷ್ಟು ಖುಷಿಯಾಗಿ ಬರ್ತಿದ್ಳು. ಗಂಡನ ಮನೆ ಬಿಟ್ಟು ಬಂದ ಮೇಲೆ ಅವಳ ಮುಖದಲ್ಲಿ ಅಂಥ ನಗು ನಾನು ನೋಡೇ ಇರ್ಲಿಲ್ಲ. ನನಗೆ ಹುಷಾರಿಲ್ಲ ಅಂದ್ರೆ ಅವಳ ಮಾರ್ಕ್ಸ್ ಹೋಗುತ್ತಲ್ಲ ಅಂತ ಸುಮ್ನಿದ್ದೆ."

ಬಾಯಕ್ಕ ಬಗ್ಗಿ, ಅತ್ತಿಗೆ ಮಡಚಿ ಮುದುರಿದ ಸೆರಗನ್ನು ನೇರ ಮಾಡಿದಳು.

ದೊಡ್ಡಾಸ್ಪತ್ರೆಗೆ ಕಳಿಸಿದರು. ಎರಡು ಬೆರಳು ತೆಗೆದರು, ಕಾಲು ಉಳಿಯಿತು. ಇನ್ನೊಂದು ವಾರ ತಡವಾಗಿದ್ದರೆ ಮಂಡಿಯವರೆಗೆ ತೆಗೆಯಬೇಕಾಗುತ್ತಿತ್ತು ಎಂದು ಅಲ್ಲಿಯವರು ಹೇಳಿದ್ದನ್ನು ಬಾಯಕ್ಕ ಅತ್ತಿಗೆಗೆ ಹೇಳಲಿಲ್ಲ. ಶೆಡ್ಡಿನಲ್ಲಿ ಕಾಜಾ ನಿಂತು, ಲೈನು ನಿಂತು, ಯಜಮಾನರ ಕೈಗಡಿಯಾರ ಅವರ ಎದೆಬಡಿತದ ಬಗ್ಗೆ ಕೀಂಕೀಂ ಎಂದು ದೂರು ಹೇಳತೊಡಗಿದ ಮೇಲೆ ಸೂಪರ್‌ವೈಸರ್ ಬೇರೆ ದಾರಿಯಿಲ್ಲದೆ ಬಾಯಕ್ಕನನ್ನೇ ಆ ಮಶೀನಿಗೆ ಕೂರಿಸಿದ. ಅವಳು ಹಾಕಿದ ಕಾಜಾದೊಳಗೆ ಗುಂಡಿ ಹೋದರೆ ಬರುತ್ತಿರಲಿಲ್ಲ, ಬಂದರೆ ನಿಲ್ಲುತ್ತಿರಲಿಲ್ಲ. ಆದರೂ ಪಟ್ಟು ಬಿಡದೆ ಕಲಿತಳು. ಆಮೇಲೆ ಕಾಲರ್ ಕಲಿತಳು, ತೋಳು ಕಲಿತಳು, ಇಸ್ತ್ರಿ ಮಾಡುವುದು ಕಲಿತು ಅಂಗಿ ಸುಟ್ಟಳು. ಇನ್ನು ಮೇಲೆ ಯಾರ ಕಾಯಿಲೆಯೋ ಅವರೇ ಬರಬೇಕೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ವಾರಕ್ಕೆ ಒಬ್ಬರು ಹೋಗುವುದು, ಅವರ ಮಶೀನಿನಲ್ಲಿ ಬಾಯಕ್ಕ ಕೂತು ಆದಷ್ಟು ಹಾಳುಮಾಡುವುದು ಎಂದು ತೀರ್ಮಾನವಾಯಿತು. ಸೂಪರ್‌ವೈಸರ್ ತಲೆ ಚಚ್ಚಿಕೊಂಡು ಒಪ್ಪಿದ.

ಗಾಯ ಮಾಯ್ದು ಅತ್ತಿಗೆ ಕೆಲಸಕ್ಕೆ ಮರಳಿದ ಮೇಲೆ ಮೊದಲ ಸಲ ಒಬ್ಬಳೇ ಆಸ್ಪತ್ರೆಗೆ ಹೋದ ದಿನ, ಬಾಯಕ್ಕ ಕಾಜಾ ಮಶೀನಿನ ಮುಂದೆ ಕೂತರೂ ಅವಳ ಮನಸ್ಸು ಗೇಟಿನಲ್ಲಿತ್ತು. ಹೇಳಬೇಕಾದ್ದನ್ನು ಅತ್ತಿಗೆ ಹೇಳುತ್ತಾಳೋ ಇಲ್ಲವೋ, ಸಾಲಿನಲ್ಲಿ ಯಾರಾದರೂ ಹಿಂದಕ್ಕೆ ತಳ್ಳುತ್ತಾರೋ ಏನೋ. ಊಟದ ಹೊತ್ತಿಗೆ ಅತ್ತಿಗೆ ಕುಂಟುತ್ತ ಬಂದಳು. ಮಶೀನುಗಳು ಒಂದೊಂದಾಗಿ ನಿಂತವು.

"ಏನಂದ್ರು?"

"ಬೈದ್ರು," ಅಂದಳು ಅತ್ತಿಗೆ. "ಶುಗರ್ ಇನ್ನೂ ಇಳಿದಿಲ್ಲ, ಏನು ತಿಂತೀರಿ, ಮೊದಲೇ ಬರೋಕೇನಾಗಿತ್ತು, ಸಾಯ್ಬೇಕು ಅಂತಿದೀರಾ ಅಂತ ಎಲ್ಲರ ಮುಂದೆ ಚೆನ್ನಾಗಿ ಉಗಿದ್ರು ಕಣೇ." ಹೇಳುತ್ತ ಹೇಳುತ್ತ ಅವಳ ಮುಖ ಅರಳುತ್ತಿತ್ತು. "ನನ್ನ ಮುಖ ನೋಡ್ಕೊಂಡು ಬೈದ್ರು."

ಬಾಯಕ್ಕ ಮಶೀನಿನ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತಳು. ಅವಳ ಅಳುವೂ ಗೇಟಿನವರೆಗೆ ಕೇಳಿಸಿತು. ಅತ್ತಿಗೆ ಅವಳ ಭುಜದ ಮೇಲಿಂದ ಬಗ್ಗಿ, ಆ ಬೆಳಗ್ಗೆ ಹಾಕಿದ ಕಾಜಾಗಳನ್ನು ಒಂದೊಂದಾಗಿ ತಿರುವಿ ನೋಡಿದಳು.

"ಅಳೋದು ಆಮೇಲೆ ಅಳುವಂತೆ. ಏಳು ಮೊದಲು, ಇನ್ನೊಂದು ಅಂಗಿ ಹಾಳು ಮಾಡ್ಬೇಡ."