ದಾಖಲೆ ಅಕ್ಕ ಮಾಡಿದ ತಿದ್ದುಪಡಿ

ನಮ್ಮ ವಿಶ್ವವಿದ್ಯಾಲಯದ ಪದವಿ ಅಧ್ಯಯನ ಮಂಡಳಿಯಲ್ಲಿ ಇಪ್ಪತ್ತನಾಲ್ಕು ಮಂದಿ ಪ್ರಾಧ್ಯಾಪಕರಿದ್ದಾರೆ. ಯಾವ ವರ್ಷಕ್ಕೆ ಯಾವ ಪಾಠ, ಯಾವ ನಿಯಮ ಎಂದಿನಿಂದ ಎಂದು ತೀರ್ಮಾನಿಸುವವರು ಇವರೇ. ಎರಡು ತಿಂಗಳಿಗೊಮ್ಮೆ ಉದ್ದನೆಯ ಮೇಜಿನ ಸುತ್ತ ಕೂರುತ್ತಾರೆ. ಒಂದು ವಿಷಯದ ಹೆಸರಿನಲ್ಲಿ ‘ಪರಿಚಯ’ ಇರಬೇಕೋ ‘ಪ್ರವೇಶ’ ಇರಬೇಕೋ ಎಂದು ಒಂದೂವರೆ ಗಂಟೆ ಕಿತ್ತಾಡಿ, ಕೊನೆಗೆ ಅದಕ್ಕೊಂದು ಉಪಸಮಿತಿ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಉಪಸಮಿತಿ ಇನ್ನೂ ಇದೆ.

ಈ ಸಭೆಗಳ ನಡಾವಳಿಯನ್ನು ಇಪ್ಪತ್ತೇಳು ವರ್ಷ ಬರೆದವರು ನಾವೆಲ್ಲ ದಾಖಲೆ ಅಕ್ಕ ಎಂದು ಕರೆಯುವ ಹಿರಿಯ ಗುಮಾಸ್ತರು. ಕಚೇರಿಯಲ್ಲಿ ನನ್ನ ಪಕ್ಕದ ಮೇಜು ಅವರದು. ಒಬ್ಬರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ಆಗ ಮಾತ್ರ ನಡಾವಳಿಗೆ ಅಕ್ಷರ ಇಳಿಯುತ್ತಿತ್ತು. ಉಳಿದ ಮಾತುಗಳನ್ನೆಲ್ಲ ತಮ್ಮ ಕಚ್ಚಾ ಪುಸ್ತಕದಲ್ಲಿ ಗೀಚಿ ಬೀರುವಿಗೆ ಹಾಕುತ್ತಿದ್ದರು. ಅವರ ಯಜಮಾನರು ದರ್ಜಿ, ತಮಾಷೆಯ ಮನುಷ್ಯ. “ಇವತ್ತು ಅಡುಗೆ ಏನು ಅಂತ ಕೇಳಿದ್ರೆ, ಸೂಚಿಸಿದೋರು ಯಾರು ಅಂತಾಳೆ ಇವಳು,” ಎಂದು ಒಮ್ಮೆ ನನ್ನೆದುರೇ ಅಂದರು. ಅಕ್ಕ ನಗಲಿಲ್ಲ. ಇಷ್ಟು ವರ್ಷದಲ್ಲಿ ಅವರು ಬರೆದ ಒಂದು ಸಾಲನ್ನೂ ಯಾರೂ ತಿದ್ದಿರಲಿಲ್ಲ, ಅದರ ಮೇಲೆ ಅವರಿಗೆ ಜಂಬವಿತ್ತು.

ಅವರ ನಿವೃತ್ತಿಗೆ ಐದು ತಿಂಗಳಿರುವಾಗ ಒಬ್ಬ ಹೆಣ್ಣುಮಗಳು ಕೌಂಟರಿಗೆ ಬಂದಳು. ಕೊನೆಯ ವರ್ಷದಲ್ಲಿ ಬಾಣಂತನಕ್ಕೆಂದು ಓದು ನಿಲ್ಲಿಸಿದ್ದವಳು ಆರು ವರ್ಷದ ಮೇಲೆ ಬಂದು ಉಳಿದ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ್ದಳು. ಆದರೆ ಮೊದಲ ವರ್ಷದ ಸಂಖ್ಯಾಶಾಸ್ತ್ರ ಈ ನಡುವೆ ಪಠ್ಯಕ್ರಮ ಬದಲಾಗಿ ಹೊಸ ನಂಬರು ಪಡೆದಿತ್ತು. ಹಳೆಯದು ಹೊಸದಕ್ಕೆ ಸಮ ಎಂದು ಮಂಡಳಿ ಎಲ್ಲೂ ಬರೆದಿಲ್ಲವಾದ್ದರಿಂದ ಕಂಪ್ಯೂಟರು ‘ಈ ವಿಷಯ ಓದಿಲ್ಲ’ ಎನ್ನುತ್ತಿತ್ತು. ಅವಳಿಗೆ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು, ಪದವಿ ಪತ್ರ ತಂದರೆ ಮಾತ್ರ ಖಾಯಂ.

ಬೇಕಾಗಿದ್ದದ್ದು ಮಂಡಳಿಯ ಒಂದೇ ಒಂದು ಸಾಲು. ಮೊದಲ ಸಭೆ, “ವಿಭಾಗದ ಶಿಫಾರಸು ಎಲ್ಲಿ?” ಎಂದು ಅರ್ಜಿಯನ್ನು ವಾಪಸು ಕಳಿಸಿತು. ವಿಭಾಗದ ಮುಖ್ಯಸ್ಥರು, “ಮಂಡಳಿ ಮೊದಲು ನೀತಿ ಮಾಡ್ಲಿ, ಆಮೇಲೆ ಶಿಫಾರಸು ಮಾಡ್ತೀವಿ,” ಎಂದರು. ಅದೇ ಮಹಾನುಭಾವರು ಮಂಡಳಿಯ ಸದಸ್ಯರೂ ಹೌದು! ಅಲ್ಲಿ ಕೂತು ಕೇಳಿದ್ದೂ ಅವರೇ, ಇಲ್ಲಿ ಕೂತು ಕೊಡದಿದ್ದದ್ದೂ ಅವರೇ. ನನಗೆ ಮೈಯೆಲ್ಲ ಉರಿದುಹೋಯಿತು. ಎರಡನೆಯ ಸಭೆಯಲ್ಲಿ ಅರ್ಜಿ ಕಾರ್ಯಸೂಚಿಯ ಕೊನೆಗೆ ಬಿತ್ತು, ಮುಂದೂಡಿದ ವಿಷಯ ಕೊನೆಗೇ ಬರಬೇಕೆಂದು ನಿಯಮವಂತೆ. ಅದರ ಸರದಿ ಬರುವಷ್ಟರಲ್ಲಿ ಅರ್ಧಕ್ಕರ್ಧ ಜನ ಮೆಲ್ಲಗೆ ಜಾಗ ಖಾಲಿ ಮಾಡಿ, ಕೋರಂ ಇಲ್ಲದೆ ಸಭೆ ಬರಖಾಸ್ತಾಯಿತು. ಅತ್ತ ಶಾಲೆಯವರು ಎರಡು ಸಲ ಗಡುವು ಮುಂದೂಡಿ, ಈ ತಿಂಗಳ ಕೊನೆ ದಾಟಿದರೆ ಬೇರೆಯವರನ್ನು ತಗೊಳ್ಳುತ್ತೇವೆ ಎಂದು ಖಡಾಖಂಡಿತವಾಗಿ ಹೇಳಿದ್ದರು.

ಮೂರನೆಯ ಸಭೆಗೆ ವಾರವಿತ್ತು, ಅದು ಅಕ್ಕನ ಕೊನೆಯ ಸಭೆಯೂ ಹೌದು. ಆ ಹೆಣ್ಣುಮಗಳ ಅರ್ಜಿ ಹದಿನೇಳನೆಯ ವಿಷಯ. ಅಕ್ಕ ಬೀರು ತೆಗೆದು ಹಳೆಯ ಕಚ್ಚಾ ಪುಸ್ತಕಗಳನ್ನು ನೆಲದ ಮೇಲೆ ಹರಡಿಕೊಂಡು ಕೂತರು. ಮೂರನೆಯ ದಿನ ನನ್ನನ್ನು ಕರೆದು ಒಂದು ಪುಟ ತೋರಿಸಿದರು. ಪಠ್ಯಕ್ರಮ ಬದಲಿಸಿದ ದಿನದ ಪುಟ. ‘ಹಳಬರಿಗೆ ಹಳೆಯ ಸಂಖ್ಯಾಶಾಸ್ತ್ರವೇ ಸಾಕು ಎಂದು ಡೀನ್ ಅಂದರು. ಎಲ್ಲರೂ ತಲೆಯಾಡಿಸಿದರು.’

“ಯಾರೂ ಸೂಚಿಸ್ಲಿಲ್ಲ, ನಾನು ನಡಾವಳಿಗೆ ಹತ್ತಿಸ್ಲಿಲ್ಲ,” ಎಂದರು ಅಕ್ಕ.

“ನಿಯಮದ ಪ್ರಕಾರ ನೀವು ಮಾಡಿದ್ದೇ ಸರಿ ಅಲ್ವಾ ಅಕ್ಕಾ?”

“ಸರಿ. ಆದ್ರೆ ನಾನು ಸರಿ ಅಂತ ಕೂತ್ರೆ ಇದು ಹದಿನೇಳನೇ ವಿಷಯ. ನಾನೇ ಒಂದು ಸಾಲು ಬಿಟ್ಟೆ ಅಂತ ಒಪ್ಕೊಂಡ್ರೆ ನಡಾವಳಿ ತಿದ್ದುಪಡಿ. ಅದು ಯಾವಾಗ್ಲೂ ಒಂದನೇ ವಿಷಯ. ಶಿಫಾರಸೂ ಬೇಕಿಲ್ಲ.”

ಬೇಡ ಎಂದು ಪರಿಪರಿಯಾಗಿ ಹೇಳಿದೆ. ಪಿಂಚಣಿಯ ಕಾಗದ ಹೋಗುವ ಹೊತ್ತಿನಲ್ಲಿ ಕಡತದಲ್ಲಿ ಕಪ್ಪು ಚುಕ್ಕೆ ಯಾಕೆ ಎಂದೆ. ಜಪ್ಪಯ್ಯ ಅಂದರೂ ಕೇಳಲಿಲ್ಲ.

ಸಭೆಯ ದಿನ, ಒಂದನೆಯ ವಿಷಯಕ್ಕೇ ಅಕ್ಕ ಎದ್ದು ನಿಂತರು. ಗುಮಾಸ್ತರು ಆ ಕೋಣೆಯಲ್ಲಿ ಬಾಯಿ ಬಿಟ್ಟದ್ದೇ ಇಲ್ಲ, ಇಪ್ಪತ್ತನಾಲ್ಕು ತಲೆಗಳೂ ಅವರತ್ತ ತಿರುಗಿದವು. “ಆರು ವರ್ಷದ ಹಿಂದೆ ಒಂದು ಸಾಲು ಬಿಟ್ಟಿದ್ದೀನಿ. ತಪ್ಪು ನಂದು,” ಎಂದು ಪುಟ ಓದಿದರು. ಎರಡು ನಿಮಿಷದಲ್ಲಿ ತಿದ್ದುಪಡಿ ಪಾಸಾಯಿತು. ಸೂಚಿಸಿದವರು ಯಾರು ಗೊತ್ತೇ? ಅದೇ ವಿಭಾಗದ ಮುಖ್ಯಸ್ಥರು! ಆಮೇಲೆ ಇಂಥ ಬೇಜವಾಬ್ದಾರಿಗೆ ಏನು ಕ್ರಮ ಎಂದು ನಲವತ್ತು ನಿಮಿಷ ಚರ್ಚೆ ನಡೆಯಿತು. ಆಗ ಮಾತ್ರ ಒಬ್ಬರೂ ಎದ್ದು ಹೋಗಲಿಲ್ಲ. ಗುಮಾಸ್ತರಿಗೆ ಎಚ್ಚರಿಕೆ ನೀಡಲಾಗಿದೆ ಎಂದು ಸೂಚನೆ, ಅನುಮೋದನೆ ಎರಡೂ ಆದವು. ಅಕ್ಕ ಅದನ್ನೂ ಅದೇ ದುಂಡು ಅಕ್ಷರದಲ್ಲಿ ಬರೆದುಕೊಂಡರು.

ಮೂರು ದಿನದ ಮೇಲೆ ಆ ಹೆಣ್ಣುಮಗಳು ಪದವಿ ಪತ್ರಕ್ಕೆ ಬಂದಳು. ಅಕ್ಕ ರಿಜಿಸ್ಟರು ಮುಂದಿಟ್ಟರು.

“ಇಷ್ಟು ದಿನ ಯಾಕೆ ಮೇಡಂ? ತಪ್ಪು ಯಾರ್ದು?”

“ನಂದೇ ಕಣಮ್ಮ. ಒಂದು ಸಾಲು ಬರೆಯೋದು ಬಿಟ್ಟಿದ್ದೆ.”

ಅವಳ ಮುಖ ಕೆಂಪಾಯಿತು. “ನಿಮ್ಗೆ ಅದು ಒಂದು ಸಾಲು. ನಾನು ಎಷ್ಟು ಸಲ ಮಗೂನ ಅತ್ತೆ ಹತ್ರ ಬಿಟ್ಟು ಬಂದಿದ್ದೀನಿ ಗೊತ್ತಾ? ಇನ್ನೆರಡು ದಿನ ಆಗಿದ್ರೆ ಕೆಲ್ಸ ಹೋಗ್ತಿತ್ತು. ಸಂಬಳ ತಗೊಂಡು ನಿದ್ದೆ ಮಾಡ್ತೀರಾ ಇಲ್ಲಿ?”

ನನಗೆ ತಡೆಯಲಾಗಲಿಲ್ಲ, ಕುರ್ಚಿ ತಳ್ಳಿ ಎದ್ದೆ. ಎಲ್ಲವನ್ನೂ ಬಿಡಿಸಿ ಹೇಳಿಬಿಡಬೇಕು ಅನ್ನಿಸಿತ್ತು. ಅಕ್ಕ ಮೇಜಿನ ಕೆಳಗಿಂದ ನನ್ನ ಅಂಗಿ ಹಿಡಿದೆಳೆದು ಕೂರಿಸಿದರು. ಅವಳು ಸಹಿ ಹಾಕಿ, ಪತ್ರ ಎದೆಗವಚಿಕೊಂಡು ಹಿಂತಿರುಗಿ ನೋಡದೆ ಹೊರಟುಹೋದಳು.

“ಯಾಕಕ್ಕಾ ಸುಮ್ನಿದ್ರಿ? ಬೈಸ್ಕೊಳ್ಳೋಕೆ ನೀವೇನು ಮಾಡಿದ್ರಿ?” ಎಂದೆ.

“ನಾಕು ತಿಂಗಳು ಒಬ್ಬರ ಬಾಗಿಲಿಂದ ಇನ್ನೊಬ್ಬರ ಬಾಗಿಲಿಗೆ ಓಡಾಡಿದಾಳೆ ತಮ್ಮಾ, ಬೈಯೋಕೆ ಒಬ್ರೂ ಸಿಕ್ಕಿರ್ಲಿಲ್ಲ ಅವಳಿಗೆ,” ಎಂದು ಅಕ್ಕ ಮುಂದಿನವರ ಅರ್ಜಿಗೆ ಕೈ ಚಾಚಿದರು.