ಜಾಲಿ ಹಲ್ಲಿನ ಗೇರು

ನಮ್ಮ ಯಜಮಾನರು ನನ್ನನ್ನು ತವರಿಗೆ ಕಾರಿನಲ್ಲಿ ಮುಟ್ಟಿಸಿದರು ಎಂದು ಈ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಸುಳ್ಳು. ಕಾರು ಯಲಬುರ್ಗಿಯ ಹೊರಗೇ ಕೂತಿತು. ಮುಟ್ಟಿಸಿದ್ದು ನನ್ನ ಕಾಲು. ಇವತ್ತು ಮೊಮ್ಮಗನ ಹೆಂಡತಿ ಅದೇ ಕಾಲಿಗೆ ಬಿಸಿ ಔಡಲ ಎಣ್ಣೆ, ನೀವು ಹರಳೆಣ್ಣೆ ಅನ್ನುತ್ತೀರಲ್ಲ ಅದನ್ನು, ತಿಕ್ಕುವಾಗ ಆ ವಾಸನೆಗೆ ಕಾರು ನೆನಪಾಯಿತು. ನಿಮಗೆ ನಗು ಬಂದರೆ ನಗಿ. ನನಗೆ ಆಗ ಬಂದಿರಲಿಲ್ಲ.

ಜರ್ಮನಿಯ ಲಡಾಯಿ ಕಾಲ ಅದು, ಪರದೇಶದ ಸಾಮಾನು ಬರುವುದು ನಿಂತಿತ್ತು. ಯಜಮಾನರಿಗೆ ಕೊಪ್ಪಳದಲ್ಲಿ ಕಾಳುಕಡಿ ವ್ಯಾಪಾರ. ಯಾವನೋ ಜಾಗೀರದಾರ ಬೇಡವೆಂದು ಬಿಟ್ಟ ಕಾರನ್ನು ಕೊಂಡಿದ್ದರು. ಅದರ ಗೇರಿನ ಪೆಟ್ಟಿಗೆಯೊಳಗೆ ಒಂದರ ಹಲ್ಲನ್ನೊಂದು ಕಚ್ಚಿಕೊಂಡು ತಿರುಗುವ ಚಕ್ರಗಳಿರುತ್ತವಂತೆ. ಅದರಲ್ಲಿ ಒಂದು ಚಕ್ರದ ಹಲ್ಲುಗಳು ಉದುರಿದವು. ಹೊಸ ಚಕ್ರ ಹುಡುಕಿ ಗದಗಿಗೆ ಹೋದರು, ಹೊಸಪೇಟೆಗೆ ಹೋದರು. ಎಲ್ಲ ಕಡೆ ಒಂದೇ ಮಾತು: "ಲಡಾಯಿ ಮುಗದ ಮ್ಯಾಲ ಬರ್ರಿ." ಕಡೆಗೆ ಗಂಗಾವತಿಯಲ್ಲಿ ಯಾರದೋ ಹಿತ್ತಲಲ್ಲಿ ಅದೇ ಜಾತಿಯ ಕಾರು ಸಿಕ್ಕಿತು. ಅದರಲ್ಲಿ ಕೋಳಿಗಳು ಕಾವಿಗೆ ಕೂತಿದ್ದವು. ಅವನ್ನು ಎಬ್ಬಿಸಿ ಚಕ್ರ ಬಿಚ್ಚಿ, ಮಗುವಿನ ಹಾಗೆ ಧೋತರದಲ್ಲಿ ಸುತ್ತಿ ತಂದರು. ಮನೆಯಲ್ಲಿ ಕೋಳಿ ಹಿಕ್ಕೆ ತೊಳೆದು ನೋಡಿದರೆ ಅದಕ್ಕೂ ಮೂರು ಹಲ್ಲಿಲ್ಲ. ನಡುವಿನ ತೂತೂ ದೊಡ್ಡದು.

ಅಷ್ಟರಲ್ಲಿ ನನ್ನ ತಮ್ಮನಿಗೆ ಮಗ ಹುಟ್ಟಿದ. ನಮ್ಮಲ್ಲಿ ತೊಟ್ಟಿಲಿಗೆ ಹಾಕುವಾಗ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆ. ಹೇಳಿದ ಕೂಡಲೇ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ತೀರಿಹೋದ ನಮ್ಮಪ್ಪನ ಹೆಸರಿಡಬೇಕೆಂದು ನನಗಿತ್ತು. ನಾನು ತಪ್ಪಿದರೆ ಚಿಕ್ಕಪ್ಪನ ಮಗಳು ಗಂಗವ್ವ ಸಿದ್ಧಳಿದ್ದಳು, ಅವಳ ಬಾಯಲ್ಲಿ ಯಾವುದೋ ಹೊಸ ಮಾದರಿಯ ಹೆಸರಿತ್ತು.

"ಗಾಡಿ ಹೂಡ್ರಿ" ಅಂದೆ.

"ಕಾರ್ ಇಟಗೊಂಡು ಗಾಡ್ಯಾಗ ಹೋದ್ರ ನಿನ್ನ ತಮ್ಮ ನಗತಾನ" ಅಂದರು.

ಗಾಡಿಗಾಲಿ ಮಾಡುವ ಬಡಿಗೇರ ಕಾಳಪ್ಪನನ್ನು ಕರೆಸಿದರು. ಅವನು ಚಕ್ರವನ್ನು ತಿರುಗಿಸಿ ನೋಡಿ, "ಸಾವಕಾರ್ರ, ಜಾಲಿ ಕಟಿಗಿ ಹಲ್ಲು ಕೂಡಸ್ತೀನಿ ತಗೋರಿ. ಹತ್ತು ಚೀಲದ ಗಾಡಿ ತಡೀತೈತಿ, ಈ ತಗಡು ಏನ್ ದೊಡ್ಡದ್ರಿ?" ಅಂದ. ಮೂರು ಜಾಲಿ ಹಲ್ಲು ಬಡಿದ. ನನ್ನ ಹಿತ್ತಾಳೆ ಚರಿಗೆಯ ಕಂಠ ಕತ್ತರಿಸಿ, ಬಳೆ ಮಾಡಿ, ತೂತಿಗೆ ತೊಡಿಸಿದ. ಚರಿಗೆ ಹೋದದ್ದು ನನಗೆ ಗೊತ್ತಾಯಿತು. ಇನ್ನೊಂದು ಹೋದದ್ದು ಗೊತ್ತಾಗಲಿಲ್ಲ.

ತೊಟ್ಟಿಲು ಸಂಜೆಗಿತ್ತು, ಆ ದಿನ ಬೆಳಗ್ಗೆಯೇ ಹೊರಟೆವು. ಕಾರು ಹಂದಿಯಂತೆ ಒದರುತ್ತ, ಮತ್ತೆ ಮತ್ತೆ ನಿಲ್ಲುತ್ತ, ಮಧ್ಯಾಹ್ನದ ಮೇಲೆ ಕುಕನೂರು ದಾಟಿತು. ದಾಟಿದ ಮೇಲೆ ಹೊಗೆ ಬಂತು, ಹಿಂದೆಯೇ ವಾಸನೆ.

"ಏನ್ರಿ, ನಿಮ್ಮ ಕಾರು ಬಾಣಂತಿ ಕೋಣಿ ನಾರಿದಂಗ ನಾರಾಕತ್ತೈತಲ್ಲ?"

ಅವರು ರಸ್ತೆಯನ್ನೇ ನೋಡುತ್ತ, "ಜಾಲಿ ಹಲ್ಲಿಗೆ ಔಡಲ ಎಣ್ಣಿನ ಬೇಕಂತ, ಕಾಳಪ್ಪ ಹೇಳಿದ" ಅಂದರು.

ಬಾಣಂತಿಗೆಂದು ನಾನೇ ಔಡಲ ಕುಟ್ಟಿ, ಕುದಿಸಿ, ತೆಗೆದ ಎಣ್ಣೆ! ಅವರೇ ತಂದು ನನ್ನ ಕಾಲ ಬಳಿ ಇಟ್ಟಿದ್ದ ಎಣ್ಣೆ ಗಡಿಗೆ ಎತ್ತಿ ಅಲುಗಿಸಿದೆ. ಹಗುರ, ಒಂದು ಹನಿಯ ಸಪ್ಪಳವೂ ಇಲ್ಲ.

"ಎಷ್ಟ್ ತಗೊಂಡ್ರಿ?"

"ಗಡಿಗಿ ಹಗೂರಾತಲ್ಲ, ನಿನಗ ಹೊರಾಕ ಛಲೋ ಆತು."

ಅಷ್ಟರಲ್ಲೇ ಗೇರಿನ ಪೆಟ್ಟಿಗೆಯೊಳಗೆ ಕಟಕಟ ಅಂತು, ಕಾರು ನಿಂತಿತು. ಊರಿನ್ನೂ ಅರ್ಧ ಹರದಾರಿ ದೂರ. ಹೊತ್ತು ಇಳಿಯುತ್ತಿತ್ತು. ಯಜಮಾನರು ಕಾರಿನ ಕೆಳಗೆ ನುಗ್ಗಿದರು. ನಾನು ಸೀರೆ ಎತ್ತಿ ಕಟ್ಟಿ, ಖಾಲಿ ಗಡಿಗೆ ಬಗಲಲ್ಲಿಟ್ಟುಕೊಂಡು ನಡೆದೆ. ನಡೆದೆ ಅನ್ನುವುದು ಮರ್ಯಾದೆಗೆ, ಓಡಿದೆ.

ಒಳಗೆ ಹೋದಾಗ ಗಂಗವ್ವ ಕೂಸಿನ ಕಿವಿಗೆ ಬಾಗಿದ್ದಳು.

"ಏ ಗಂಗಿ, ಬಾಯಿ ಮುಚ್ಚು!" ಅಂದೆ. ಅವಳು ತಿರುಗುವಷ್ಟರಲ್ಲಿ ಕೂಸನ್ನು ಎತ್ತಿಕೊಂಡು, ಏದುಸಿರಿನಲ್ಲೇ ಅಪ್ಪನ ಹೆಸರು ಹೇಳಿದೆ: ಶಿವಪ್ಪ. ಹೆಂಗಸರು ಗುದ್ದಿದರು. ಗಂಗವ್ವನ ಗುದ್ದು ಬೇರೆಯೇ ಗೊತ್ತಾಯಿತು.

"ಎಣ್ಣಿ ಎಲ್ಲೈತಿ ಯವ್ವಾ?" ಅಂದಳು ಅವ್ವ.

"ಊರ ಹೊರಗ ನಿಂತೈತಿ" ಅಂದೆ.

ಆಮೇಲೆ ಯಜಮಾನರು ಮಸಿ ಮುಖದಲ್ಲಿ ಬಂದರು. ಕಿಸೆಯಿಂದ ಮುರಿದ ಮೂರು ಜಾಲಿ ಹಲ್ಲು ತೆಗೆದು, ಗೋಡೆಯ ಗೂಡಿನಲ್ಲಿ ದೇವರ ಹಾಗೆ ಇಟ್ಟು, "ಯಾರೂ ಮುಟ್ಟಬ್ಯಾಡ್ರಿ, ಕಾಳಪ್ಪಗ ಅಳತಿ ಬೇಕು" ಅಂದರು.

ಮರುದಿನ ಬೆಳಗ್ಗೆ ಅವರು ಏಳುವ ಮೊದಲೇ ಎದ್ದೆ. ನಮ್ಮನ್ನು ಕೊಪ್ಪಳಕ್ಕೆ ಮುಟ್ಟಿಸಲು ಗಾಡಿ ಹೂಡೆಂದು ತಮ್ಮನಿಗೆ ಹೇಳಿದೆ. ಆ ಮೂರು ಹಲ್ಲುಗಳನ್ನು ಬಚ್ಚಲ ಒಲೆಗೆ ಹಾಕಿದೆ. ಎಣ್ಣೆ ಕುಡಿದ ಜಾಲಿ, ಊದುವ ಕೆಲಸವೇ ಬೀಳಲಿಲ್ಲ. ಅದರಲ್ಲಿ ಕಾದ ನೀರನ್ನೇ ಶಿವಪ್ಪನಿಗೆ ಎರೆದೆ.